ಹನ್ನೆರಡು ಜೋಡಿ ನರಿಗಳು

ಇದ್ದಕ್ಕಿದ್ದಂತೆ ಅದೃಷ್ಟ ಖುಲಾಯಿಸಿದವರನ್ನು ಕಂಡರೆ ನಮ್ಮ ಕಡೆ ‘ಬೆಳಿಗ್ಗೆ ಎದ್ದು ನರಿ ಮುಖ ನೋಡಿದ್ದೆಯೇನೋ?’ ಎಂದು ಕೇಳುತ್ತಾರೆ. ಕತೆಗಳಲ್ಲಿ ನರಿಗೆ ಮೋಸಗಾರನ ಪಾತ್ರ ಕೊಟ್ಟವರೇ ಅದರ ಮುಖಕ್ಕೆ ಶುಭಶಕುನದ ಪಟ್ಟವನ್ನೂ ಯಾಕೆ ಕಟ್ಟಿದರೋ ಗೊತ್ತಿಲ್ಲ. ಜಪಾನಿನಲ್ಲಿ ನರಿಯ ಸ್ಥಾನ ಇನ್ನೂ ದೊಡ್ಡದು. ಅಲ್ಲಿ ಬೆಳೆಯ ದೈವ ಇನಾರಿಯ ದೂತನೇ ನರಿ. ಗುಡಿಯ ಬಾಗಿಲಲ್ಲಿ ಕಲ್ಲಿನ ನರಿಗಳು ಕೆಂಪು ಬಟ್ಟೆ ಕಟ್ಟಿಕೊಂಡು ಕಾವಲು ಕೂತಿರುತ್ತವೆ. ಆ ದೇಶದ ಒಂದು ಪುಟ್ಟ ದ್ವೀಪ ಲಾಭದ ಆಸೆಯಿಂದ ನರಿಗಳನ್ನು ಬರಮಾಡಿಕೊಂಡಿತು, ಅದಕ್ಕೆ ಮೂರು ದಶಕಗಳ ಕಾಲ ಬೆಲೆ ತೆತ್ತಿತು. ಆ ಕತೆ ಕನ್ನಡದಲ್ಲಿ ಅಷ್ಟಾಗಿ ಬಂದಂತಿಲ್ಲ.

ದ್ವೀಪದ ಹೆಸರು ರೆಬುನ್. ಜಪಾನಿನ ಉತ್ತರದ ಹೊಕ್ಕೈಡೊದ ವಾಯವ್ಯ ಮೂಲೆಯಿಂದ ಆಚೆ, ಸಮುದ್ರದ ನಡುವೆ ಸುಮಾರು 80 ಚದರ ಕಿಲೋಮೀಟರಿನ ಉದ್ದನೆಯ ನೆಲ. ಹೊಕ್ಕೈಡೊದ ಮೂಲನಿವಾಸಿಗಳಾದ ಐನು ಜನರ ಭಾಷೆಯಲ್ಲಿ ಇದು ‘ರೆಪುನ್ ಶಿರ್’, ಅಂದರೆ ಕಡಲಾಚೆಯ ದ್ವೀಪ. ಬೇರೆ ಕಡೆ ಎತ್ತರದ ಬೆಟ್ಟಗಳ ಮೇಲಷ್ಟೇ ಅರಳುವ ಹೂಗಳು ಇಲ್ಲಿನ ಚಳಿಯಿಂದಾಗಿ ಕಡಲ ಮಟ್ಟದಲ್ಲೇ ಅರಳುತ್ತವೆ. ಹಾಗಾಗಿ ಪ್ರವಾಸಿಗರ ಬಾಯಲ್ಲಿ ಇದು ಹೂವಿನ ದ್ವೀಪ. ಆದರೆ 1920ರ ದಶಕದಲ್ಲಿ ಇಲ್ಲಿ ಹೂ ನೋಡಲು ಬರುವವರು ಯಾರಿದ್ದರು? ಜನ ಹೆರಿಂಗ್ ಮೀನು ಹಿಡಿದು, ಕೊಂಬು ಎಂಬ ಕಡಲಪಾಚಿಯನ್ನು ಒಣಗಿಸಿ ಮಾರಿ ಬದುಕುತ್ತಿದ್ದರು.

ಅವರನ್ನು ಕಾಡುತ್ತಿದ್ದುದು ಇಲಿ. ಮನೆಯ ಇಲಿಯಲ್ಲ, ಗಿಡ್ಡ ಬಾಲದ ಒಂದು ಬಗೆಯ ಕಾಡಿಲಿ. ಚಳಿಗಾಲದಲ್ಲಿ ಹಿಮದಡಿ ಸುರಂಗ ತೋಡಿಕೊಂಡು ಎಳೆಯ ಮರಗಳ ತೊಗಟೆಯನ್ನು ಸುತ್ತಲೂ ಕೆರೆದು ತಿನ್ನುವುದು ಈ ಜಾತಿಯ ಇಲಿಗಳ ಕಸುಬು. ಹಿಮ ಕರಗಿದಾಗ ನೋಡಿದರೆ ಗಿಡ ನಿಂತಲ್ಲೇ ಸತ್ತಿರುತ್ತದೆ. ಇದಕ್ಕೆ ಉಪಾಯವಾಗಿ 1924ರಿಂದ 1926ರ ನಡುವೆ ಹನ್ನೆರಡು ಜೋಡಿ ಕೆಂಪುನರಿಗಳನ್ನು ದ್ವೀಪಕ್ಕೆ ತಂದು ಬಿಡಲಾಯಿತು. ನರಿ ಇಲಿಯನ್ನು ತಿನ್ನುತ್ತದೆ, ಮೇಲಾಗಿ ಅದರ ತುಪ್ಪಳಕ್ಕೆ ಆಗ ಒಳ್ಳೆಯ ಬೆಲೆ. ಇಲಿಯೂ ಹೋಯಿತು, ದುಡ್ಡೂ ಬಂತು ಎಂಬ ಲೆಕ್ಕ.

ನರಿಗಳು ಬಂದದ್ದು ಕುರಿಲ್ ದ್ವೀಪಮಾಲೆಯ ನಡುವಿರುವ ಶಿಮುಶಿರುವಿನಿಂದ. ಹೊಕ್ಕೈಡೊದಿಂದ ರಷ್ಯಾದ ಕಮ್ಚಾಟ್ಕಾವರೆಗೆ ಪೋಣಿಸಿಟ್ಟಂತಿರುವ ಆ ದ್ವೀಪಗಳು ಆಗ ಜಪಾನಿನ ಕೈಯಲ್ಲಿದ್ದವು. ಅಲ್ಲಿ ತುಪ್ಪಳಕ್ಕಾಗಿ ಸರ್ಕಾರವೇ ನರಿ ಸಾಕುತ್ತಿತ್ತು. ಆ ಸಾಕಣೆಗೆ ಇನ್ನೂ ಉತ್ತರದ ಬೆರಿಂಗ್ ಸಮುದ್ರದ ಕಡೆಯಿಂದ ನರಿಗಳನ್ನು ತರಿಸಲಾಗಿತ್ತು, ರೋಗದ ಬೇರೂ ಅತ್ತಲಿಂದಲೇ ಬಂದಿರಬೇಕು ಎಂಬುದು ಮುಂದೆ ವಿದ್ವಾಂಸರು ಮಾಡಿದ ಊಹೆ. ಹಡಗಿನಲ್ಲಿ ಬಂದಿಳಿದ ಇಪ್ಪತ್ತನಾಲ್ಕು ನರಿಗಳು ನೋಡಲು ಗಟ್ಟಿಮುಟ್ಟಾಗಿಯೇ ಇದ್ದಿರಬೇಕು. ತಂದವರನ್ನು ಅವು ಮೋಸಗೊಳಿಸಿದ್ದೇ ಹಾಗೆ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಲ್ಯಾಬಿನ ಕಪಾಟಿನಲ್ಲಿದ್ದ ಗಾಜಿನ ಜಾಡಿ ನೆನಪಿರಬಹುದು. ಹಳದಿಗಟ್ಟಿದ ಫಾರ್ಮಾಲಿನ್ನಿನಲ್ಲಿ ಸುರುಳಿ ಸುತ್ತಿಕೊಂಡ, ಬಿಳಿಯ, ಮೀಟರುಗಟ್ಟಲೆ ಉದ್ದದ ಲಾಡಿಹುಳು. ಪೈಜಾಮದ ಲಾಡಿಯಂತೆ ಕಾಣುವುದಕ್ಕೇ ಕನ್ನಡದಲ್ಲಿ ಅದಕ್ಕೆ ಆ ಹೆಸರು. ಈ ಕತೆಯ ಹುಳುವೂ ಅದೇ ಕುಲದ್ದು, ಆದರೆ ಅದನ್ನು ಲಾಡಿ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಹೆಚ್ಚೆಂದರೆ ನಾಲ್ಕು ಮಿಲಿಮೀಟರ್ ಉದ್ದ, ಒಂದು ತಲೆ, ನಾಲ್ಕೈದು ತುಂಡುಗಳ ಮೈ. ನರಿಯ ಸಣ್ಣಕರುಳಿನ ಗೋಡೆಗೆ ಬಿಳಿ ರವೆ ಚೆಲ್ಲಿದಂತೆ ಸಾವಿರಗಟ್ಟಲೆ ಅಂಟಿಕೊಂಡಿರುತ್ತದೆ. ಇದರ ಕುಲನಾಮ ಎಕಿನೊಕಾಕಸ್. ಗ್ರೀಕಿನಲ್ಲಿ ಎಕಿನೋಸ್ ಎಂದರೆ ಮುಳ್ಳುಹಂದಿಯಂಥ ಒಂದು ಪುಟ್ಟ ಪ್ರಾಣಿ, ಕೊಕ್ಕೋಸ್ ಎಂದರೆ ಕಾಳು. ತಲೆಯ ಸುತ್ತ ಇರುವ ಸೂಕ್ಷ್ಮ ಕೊಕ್ಕೆಗಳನ್ನು ಕಂಡು ಇಟ್ಟ ಹೆಸರು.

ನರಿಗೆ ಇದರಿಂದ ತೊಂದರೆ ಇಲ್ಲವೆಂದೇ ಹೇಳಬೇಕು. ಹೊಟ್ಟೆಯಲ್ಲಿ ಹತ್ತಾರು ಸಾವಿರ ಹುಳುಗಳಿದ್ದರೂ ಓಡುತ್ತದೆ, ಬೇಟೆಯಾಡುತ್ತದೆ, ಮರಿ ಹಾಕುತ್ತದೆ. ಅದರ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳು ಹೊರಬೀಳುತ್ತವೆ. ಒಂದೊಂದೂ ಮಿಲಿಮೀಟರಿನ ಮೂವತ್ತನೇ ಒಂದು ಭಾಗದಷ್ಟು. ಕಣ್ಣಿಗೆ ಕಾಣದು. ಒಣ ಹವೆ, ಬಿಸಿಲು ಅವಕ್ಕೆ ಆಗದು. ಆದರೆ ತಂಪು ಒದ್ದೆ ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮನೆಯ ಫ್ರೀಜರಿನ ಚಳಿಗೂ ಸಾಯುವುದಿಲ್ಲ. ಹುಲ್ಲಿನ ಜೊತೆ ಇಲಿಯ ಹೊಟ್ಟೆಗೆ ಹೋದ ಮೊಟ್ಟೆ ಒಡೆದು, ಮರಿ ಕರುಳನ್ನು ಕೊರೆದು, ರಕ್ತದ ಜೊತೆ ಯಕೃತ್ತಿಗೆ ಸಾಗಿ ಅಲ್ಲಿ ಬೀಡುಬಿಡುತ್ತದೆ. ಎರಡು ಮೂರು ತಿಂಗಳಲ್ಲಿ ಇಲಿಯ ಯಕೃತ್ತು ಗುಳ್ಳೆ ಗುಳ್ಳೆಯಾಗಿ ಊದಿಕೊಳ್ಳುತ್ತದೆ. ಒಂದೊಂದು ಗುಳ್ಳೆಯೊಳಗೂ ಮುಂದಿನ ಹುಳುಗಳ ತಲೆಗಳು ಸಾಲುಗಟ್ಟಿರುತ್ತವೆ. ಇಂಥ ಇಲಿಗೆ ಓಡುವ ತ್ರಾಣ ಎಲ್ಲಿಂದ ಬರಬೇಕು? ನರಿಗೆ ಸುಲಭದ ತುತ್ತಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ನರಿಯ ಕರುಳಲ್ಲಿ ಹೊಸ ಹುಳುಗಳು ಮೊಟ್ಟೆಯಿಡಲು ತಯಾರು.

ಈ ಚಕ್ರದಲ್ಲಿ ಮನುಷ್ಯನಿಗೆ ಜಾಗವೇ ಇಲ್ಲ. ಅವನು ಹೊಕ್ಕರೆ ಅಪ್ಪಿತಪ್ಪಿ, ಇಲಿಯ ಸ್ಥಾನದಲ್ಲಿ ಹೊಕ್ಕಬೇಕು. ಹಳ್ಳದ ನೀರು ಕುಡಿದಾಗ, ತೊಳೆಯದ ಸೊಪ್ಪು ತಿಂದಾಗ, ಕಾಡಿಲಿ ತಿಂದು ಬಂದ ಸಾಕುನಾಯಿಯ ಮೈ ಸವರಿದ ಕೈಯಲ್ಲೇ ಊಟ ಮಾಡಿದಾಗ ಮೊಟ್ಟೆ ಒಳಸೇರುತ್ತದೆ. ಇಲಿಯಲ್ಲಿ ಎರಡು ತಿಂಗಳಲ್ಲಿ ಮುಗಿಯುವ ಕೆಲಸ ಮನುಷ್ಯನಲ್ಲಿ ವರ್ಷಾನುಗಟ್ಟಲೆ ನಡೆಯುತ್ತದೆ. ಗಡ್ಡೆ ಕವಲೊಡೆಯುತ್ತ, ಅಕ್ಕಪಕ್ಕದ ಮಾಂಸವನ್ನು ತಿನ್ನುತ್ತ, ಕೆಲವೊಮ್ಮೆ ಶ್ವಾಸಕೋಶಕ್ಕೆ, ಮಿದುಳಿಗೆ ಬೀಜ ಎರಚುತ್ತ ಥೇಟ್ ಕ್ಯಾನ್ಸರಿನಂತೆ ಬೆಳೆಯುತ್ತದೆ. ಐದರಿಂದ ಹದಿನೈದು ವರ್ಷದವರೆಗೆ ಯಾವ ಸೂಚನೆಯೂ ಇಲ್ಲ. ಆಮೇಲೆ ಹೊಟ್ಟೆಯ ಬಲಭಾಗದಲ್ಲಿ ನೋವು, ಕಾಮಾಲೆ, ಬಾವು. ಚಿಕಿತ್ಸೆ ಸಿಗದಿದ್ದರೆ ಅಲ್ಲಿಂದ ಹತ್ತು ವರ್ಷ ಬದುಕಿ ಉಳಿಯುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ.

ಈಗ ರೆಬುನ್ನಿನ ತಾರೀಖುಗಳನ್ನು ಮತ್ತೊಮ್ಮೆ ನೋಡಿ. ಕೊನೆಯ ನರಿ ಬಂದಿಳಿದದ್ದು 1926ರಲ್ಲಿ. ಅಲ್ಲಿಂದ ಒಂದು ದಶಕ ತಣ್ಣಗೆ ಕಳೆಯಿತು. ರೆಬುನ್ನಿನ ಮೊದಲ ರೋಗಿಯ ವೈದ್ಯಕೀಯ ವರದಿ ಬಂದದ್ದು 1937ರಲ್ಲಿ. ಮತ್ತೆ ಒಬ್ಬರು, ಇನ್ನೊಬ್ಬರು. ಅಷ್ಟು ಹೊತ್ತಿಗೆ ನರಿ ಬಿಟ್ಟ ಸುದ್ದಿ ಹಳೆಯದಾಗಿತ್ತು. ನಡುವೆ ಯುದ್ಧವೂ ಬಂತು. ಹತ್ತು ಹನ್ನೆರಡು ವರ್ಷದ ಹಿಂದೆ ಹಡಗಿನಿಂದಿಳಿದ ನರಿಗೂ ಈಗ ಹಳದಿಗಟ್ಟಿ ಮಲಗಿರುವ ಮನೆಯಾಕೆಗೂ ಏನು ಸಂಬಂಧವೆಂದು ಯಾರಿಗಾದರೂ ಹೊಳೆಯುವುದು ಹೇಗೆ?

ಇಲ್ಲಿ ನನಗೆ ನಮ್ಮ ಮಲೆನಾಡಿನ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗಕ್ಕೆ ಕಾರಣ ಹುಳುವಲ್ಲ, ಉಣ್ಣೆಗಳ ಮೂಲಕ ಹರಡುವ ವೈರಸ್. ಎರಡೂ ಕಾಡುಪ್ರಾಣಿಗಳ ನಡುವೆ ತಿರುಗುತ್ತಿದ್ದು ಮನುಷ್ಯನಿಗೆ ತಗಲುವಂಥವು. ಆದರೆ ಕ್ಯಾಸನೂರಿನಲ್ಲಿ ಕಾಡು ಮುನ್ಸೂಚನೆ ಕೊಡುತ್ತದೆ. ಮೊದಲು ಮಂಗಗಳು ಸಾಯುತ್ತವೆ. ಸೌದೆಗೆ, ತರಗಲೆಗೆ ಹೋದವರು ಸತ್ತ ಮಂಗವನ್ನು ಕಂಡು ಊರಿಗೆ ಸುದ್ದಿ ಮುಟ್ಟಿಸುತ್ತಾರೆ. ಉಣ್ಣೆ ಕಚ್ಚಿ ಒಂದು ವಾರ ಕಳೆಯುವುದರೊಳಗೆ ಜ್ವರ. ಕಾರಣ ಮತ್ತು ಪರಿಣಾಮ ಒಂದೇ ಕ್ಯಾಲೆಂಡರಿನ ಒಂದೇ ಹಾಳೆಯಲ್ಲಿರುತ್ತವೆ. ಅದಕ್ಕೇ ಜನರೇ ರೋಗಕ್ಕೆ ಮಂಗನ ಹೆಸರಿಟ್ಟರು. ರೆಬುನ್ನಿನಲ್ಲಿ ಸತ್ತ ನರಿ ಯಾರಿಗೂ ಕಾಣಲಿಲ್ಲ. ಎಚ್ಚರಿಸಬೇಕಾದ ಪ್ರಾಣಿ ಆರೋಗ್ಯದಿಂದಿತ್ತು. ಎಚ್ಚರಿಸಬೇಕಾದ ದೇಹ ಹತ್ತು ವರ್ಷ ಸುಮ್ಮನಿತ್ತು.

ನರಿ ತಂದವರನ್ನು ದೂರುವ ಮುಂಚೆ ಆಗಿನ ವಿಜ್ಞಾನಕ್ಕೆ ಏನು ಗೊತ್ತಿತ್ತು ಎಂಬುದನ್ನು ಕೇಳಬೇಕಾಗುತ್ತದೆ. ಅದೊಂದು ಸ್ವಾರಸ್ಯದ ಕತೆ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಪ್ರಾಣಿಗಳ ಮಾಂಸದಲ್ಲಿ ಕಾಣುವ ನೀರುಗುಳ್ಳೆಗಳು ಒಂದು ಜೀವಿ, ಕರುಳಿನ ಲಾಡಿಹುಳು ಇನ್ನೊಂದು ಜೀವಿ ಎಂದೇ ಬಹಳ ಮಂದಿ ನಂಬಿದ್ದರು. ಎರಡೂ ಒಂದೇ ಜೀವಿಯ ಎರಡು ಜನ್ಮ ಎಂದು ತೋರಿಸಿಕೊಟ್ಟವರಲ್ಲಿ ಜರ್ಮನಿಯ ವೈದ್ಯ ಫ್ರೆಡ್ರಿಕ್ ಕ್ಯುಶೆನ್‌ಮೈಸ್ಟರ್ ಮುಖ್ಯ. 1855ರಲ್ಲಿ ಆತ ಮಾಡಿದ ಪ್ರಯೋಗವನ್ನು ಓದಿದರೆ ಇಂದಿಗೂ ಹೊಟ್ಟೆ ತೊಳಸುತ್ತದೆ. ಮರಣದಂಡನೆಗೆ ಕಾದಿದ್ದ ಕೈದಿಯ ಊಟದಲ್ಲಿ ಹಂದಿಮಾಂಸದ ಗುಳ್ಳೆಗಳನ್ನು ಬೆರೆಸಿ ತಿನ್ನಿಸಿದ. ಶಿಕ್ಷೆ ಜಾರಿಯಾದ ಮೇಲೆ ಶವದ ಕರುಳಲ್ಲಿ ಎಳೆಯ ಲಾಡಿಹುಳುಗಳನ್ನು ಹುಡುಕಿ ತೆಗೆದ. ಇದಕ್ಕೆ ತುಸು ಮುಂಚೆ ಕಾರ್ಲ್ ಫಾನ್ ಸೀಬೋಲ್ಡ್ ಎಂಬ ಪ್ರಾಣಿಶಾಸ್ತ್ರಜ್ಞ ಕುರಿ ದನಗಳ ಅಂಗಗಳಲ್ಲಿ ಸಿಗುವ ನೀರುಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿ ಎಕಿನೊಕಾಕಸ್ ಹುಳುಗಳನ್ನು ಬೆಳೆಸಿದ್ದ. ಅದು ನಾಯಿ ಮತ್ತು ಕುರಿಗಳ ನಡುವೆ ತಿರುಗುವ ಹುಳು, ನಮ್ಮ ನರಿಹುಳುವಿನ ದಾಯಾದಿ.

ಅದೇ 1855ರಲ್ಲಿ ರುಡಾಲ್ಫ್ ವಿರ್ಶೋ ಇನ್ನೊಂದು ಗಂಟನ್ನು ಬಿಡಿಸಿದ. ದಕ್ಷಿಣ ಜರ್ಮನಿಯ ಕಡೆ ಆಗಾಗ ಕಾಣುತ್ತಿದ್ದ, ಸ್ಪಂಜಿನಂತೆ ತೂತುತೂತಾದ ಯಕೃತ್ತಿನ ಗಡ್ಡೆಯನ್ನು ಎಲ್ಲರೂ ಒಂದು ಬಗೆಯ ಕ್ಯಾನ್ಸರ್ ಎಂದುಕೊಂಡಿದ್ದರು. ವಿರ್ಶೋ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಗಡ್ಡೆಯಲ್ಲ, ಎಕಿನೊಕಾಕಸ್ ಹುಳುವಿನ ಮರಿರೂಪ ಎಂದ. ರೋಗಶಾಸ್ತ್ರದ ದೊಡ್ಡ ಗೆಲುವುಗಳಲ್ಲಿ ಅದೂ ಒಂದು. ಆದರೆ ಹೊಸ ಜಗಳ ಅಲ್ಲಿಂದಲೇ ಶುರುವಾಯಿತು. ಒಂದೇ ನೀರುಚೀಲವಾಗಿ ಬೆಳೆಯುವ ಕುರಿಯ ಗುಳ್ಳೆ ಮತ್ತು ಕವಲೊಡೆದು ಹರಡುವ ಈ ಗಡ್ಡೆ ಒಂದೇ ಹುಳುವಿನ ಎರಡು ವೇಷವೋ, ಅಥವಾ ಎರಡು ಬೇರೆ ಹುಳುಗಳೋ? ಒಂದೇ ಎನ್ನುವವರದೊಂದು ಪಂಗಡ, ಎರಡು ಎನ್ನುವವರದೊಂದು ಪಂಗಡ. ದ್ವೈತ ಅದ್ವೈತಗಳ ವಾದದಷ್ಟೇ ಬಿರುಸಿನಿಂದ ಸುಮಾರು ನೂರು ವರ್ಷ ಜಗ್ಗಾಡಿದರು.

ತೀರ್ಮಾನ ಬಂದದ್ದು ಯುರೋಪಿನ ಪ್ರಯೋಗಾಲಯದಿಂದಲ್ಲ. ಅಲಾಸ್ಕಾ ಮತ್ತು ಸೈಬೀರಿಯಾಗಳ ನಡುವೆ ಬೆರಿಂಗ್ ಸಮುದ್ರದಲ್ಲಿರುವ ಸೇಂಟ್ ಲಾರೆನ್ಸ್ ದ್ವೀಪದಿಂದ. ಅಲ್ಲಿನ ಯುಪಿಕ್ ಜನರಲ್ಲಿ ಕಂಡ ಯಕೃತ್ತಿನ ರೋಗದ ಬೆನ್ನು ಹತ್ತಿ ಹೋದ ಅಮೆರಿಕದ ರಾಬರ್ಟ್ ರಾಶ್ ಮತ್ತು ಎವರೆಟ್ ಶಿಲ್ಲರ್, ಹಿಮನರಿಗೂ ಕಾಡಿಲಿಗೂ ನಡುವೆ ಹುಳು ತಿರುಗುವುದನ್ನು 1950ರ ದಶಕದ ಮೊದಲ ವರ್ಷಗಳಲ್ಲಿ ತೋರಿಸಿದರು. ಜರ್ಮನಿಯ ಹನ್ಸ್ ಫೋಗೆಲ್ ತನ್ನ ನಾಡಿನ ನರಿಗಳಲ್ಲೂ ಅದೇ ಹುಳುವನ್ನು ಕಂಡು, 1957ರ ಹೊತ್ತಿಗೆ ಇದು ಬೇರೆಯದೇ ಪ್ರಭೇದ ಎಂದು ಖಚಿತಪಡಿಸಿದ. ಲೆಕ್ಕ ಹಾಕಿ ನೋಡಿ. ರೆಬುನ್ನಿಗೆ ನರಿ ಬಂದು ಮೂವತ್ತು ವರ್ಷವಾದ ಮೇಲೆ ‘ನರಿ ಮತ್ತು ಕಾಡಿಲಿ ಒಂದೆಡೆ ಸೇರಿದರೆ ಈ ಹುಳುವಿಗೆ ಮನೆ ಸಿಕ್ಕಂತೆ’ ಎಂಬ ಮಾತನ್ನು ವಿಜ್ಞಾನ ಗಟ್ಟಿಯಾಗಿ ಹೇಳಿತು. ಶಿಮುಶಿರುವಿನಲ್ಲಿ ನರಿ ಹಿಡಿದವನಿಗಾಗಲಿ ರೆಬುನ್ನಿನಲ್ಲಿ ಬಿಟ್ಟವನಿಗಾಗಲಿ ಅದು ಗೊತ್ತಿರುವ ಸಾಧ್ಯತೆಯೇ ಇರಲಿಲ್ಲ. ಆದರೂ ನನ್ನ ಮನಸ್ಸು ಅವರನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಒಂದು ನೆಲದ ಪ್ರಾಣಿಯನ್ನು ಇನ್ನೊಂದು ನೆಲಕ್ಕೆ ಒಯ್ಯುವಾಗ ಅದರ ತುಪ್ಪಳದ ಬೆಲೆ ಕೇಳಿದವರು, ಅದರ ಹೊಟ್ಟೆಯಲ್ಲಿ ಏನಿದೆ ಎಂದು ಕೇಳಬಹುದಿತ್ತು. ಲಾಡಿಹುಳುಗಳು ಎರಡು ಪ್ರಾಣಿಗಳ ನಡುವೆ ಬದುಕುತ್ತವೆ ಎಂಬುದು ಆಗಲೇ ಎಪ್ಪತ್ತು ವರ್ಷ ಹಳೆಯ ಪಾಠವಾಗಿತ್ತು.

ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಗೆ, ಹೊಕ್ಕೈಡೊದ ಆಡಳಿತ ಮತ್ತು ವಿಶ್ವವಿದ್ಯಾಲಯದವರು ರೆಬುನ್ನಿಗೆ ಬಂದರು. ಪರೋಪಜೀವಿ ತಜ್ಞ ಯಾಮಾಶಿತಾ ಜಿರೊ ಮತ್ತು ಸಂಗಡಿಗರು ನಾಯಿ, ಬೆಕ್ಕು, ಇಲಿಗಳನ್ನು ಕೊಯ್ದು ನೋಡಿದರು, ಜನರನ್ನು ಪರೀಕ್ಷಿಸಿದರು. ಬಿಟ್ಟ ನರಿಗಳ ಸಂತತಿ ಬೇಟೆಗೆ ಸಿಕ್ಕಿ ಆಗಲೇ ವಿರಳವಾಗಿತ್ತು. ಆದರೆ ನರಿಯ ಕೆಲಸವನ್ನು ಊರನಾಯಿಗಳು ವಹಿಸಿಕೊಂಡಿದ್ದವು. ಅಂಗಳದಲ್ಲಿ ಮಲಗಿ, ಗುಡ್ಡದಲ್ಲಿ ಇಲಿ ಹಿಡಿದು, ಮಕ್ಕಳ ಜೊತೆ ಆಡಿ, ಬಾವಿಕಟ್ಟೆಯ ಸುತ್ತ ಅಡ್ಡಾಡುವ ನಾಯಿಗಳು. ಕಾಡಿನ ರೋಗ ಮನೆಯ ಹೊಸ್ತಿಲಿಗೆ ಬಂದದ್ದು ಅವುಗಳ ಬೆನ್ನೇರಿ.

ಮುಂದೆ ಮಾಡಬೇಕಾದುದು ಏನೆಂದು ತಜ್ಞರಿಗೆ ಸ್ಪಷ್ಟವಿತ್ತು, ಜನರಿಗೆ ಅದು ಕ್ರೂರವಾಗಿತ್ತು. ದ್ವೀಪದ ಮೇಲಿನ ಹುಳುವಿನ ಚಕ್ರ ತುಂಡಾಗಬೇಕಾದರೆ ನರಿ ಮಾತ್ರವಲ್ಲ, ನಾಯಿಗಳೂ ಇರಬಾರದು. 1950ರ ದಶಕದಲ್ಲಿ ಉಳಿದ ನರಿಗಳ ಜೊತೆಗೆ ರೆಬುನ್ನಿನ ನಾಯಿಗಳನ್ನು, ಬೆಕ್ಕುಗಳನ್ನು ಕೊಲ್ಲಲಾಯಿತು. ನರಿ ತಂದವರ ಲೆಕ್ಕಾಚಾರದ ಕೊನೆಯ ಕಂತನ್ನು ಕಟ್ಟಿದ್ದು ಹೀಗೆ, ಏನೂ ಅರಿಯದ ಮನೆಯ ಪ್ರಾಣಿಗಳು. ಮನೆಯೊಂದರಲ್ಲಿ ರೋಗಿ ಮಲಗಿದ್ದಾನೆ, ಅಂಗಳದ ನಾಯಿಯನ್ನು ಯಾರೋ ಬಂದು ಹಗ್ಗ ಕಟ್ಟಿ ಎಳೆದೊಯ್ಯುತ್ತಾರೆ, ನಾಯಿ ಆರೋಗ್ಯವಾಗಿದೆ. ಇದನ್ನು ಹತ್ತು ವರ್ಷದ ಮಗುವಿಗೆ ವಿವರಿಸುವುದು ಹೇಗೆ? ಈ ಕಾಲದ ರೆಬುನ್ನನ್ನೇ ವಸ್ತುವಾಗಿಸಿಕೊಂಡು ಕವಾಸಾಕಿ ಅಕಿಕೊ 2022ರಲ್ಲಿ ‘ಸೇಜೋತೊ’ ಎಂಬ ಕಾದಂಬರಿ ಪ್ರಕಟಿಸಿದರು. ಹೆಸರಿನ ಅರ್ಥ ನಿರ್ಮಲ ದ್ವೀಪ. ಹೊಕ್ಕೈಡೊದ ಪೂರ್ವಭಾಗದಲ್ಲಿ ಹುಟ್ಟಿ, ಬಹುಕಾಲ ಕುರಿ ಸಾಕಿಕೊಂಡಿದ್ದ ಲೇಖಕಿ ಆಕೆ. ಪ್ರಾಣಿಯನ್ನು ಸಾಕುವ ಕೈಯೇ ಅದನ್ನು ಕೊಲ್ಲಬೇಕಾಗಿ ಬರುವ ಸಂಕಟ ಆಕೆಗೆ ಓದಿ ತಿಳಿದದ್ದಲ್ಲ.

ರೆಬುನ್ನಿನಲ್ಲಿ ಹುಳು ನಿರ್ಮೂಲವಾಯಿತು. ಆದರೆ ಮನುಷ್ಯರ ದೇಹದೊಳಗೆ ಆಗಲೇ ಹೊಕ್ಕಿದ್ದು ಹೊರಬರಲು ಇನ್ನಷ್ಟು ವರ್ಷ ಬೇಕಿತ್ತು. ಎಂಟು ಹತ್ತು ಸಾವಿರ ಜನರಿದ್ದ ದ್ವೀಪದಲ್ಲಿ ಕೊನೆಗೆ ನೂರಕ್ಕೂ ಹೆಚ್ಚು ಮಂದಿ ಈ ರೋಗಕ್ಕೆ ಗುರಿಯಾದದ್ದು ದಾಖಲಾಗಿದೆ. ಪ್ರತಿ ನೂರು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಆಗ ಔಷಧವಿರಲಿಲ್ಲ. ಗಡ್ಡೆಯನ್ನು ಕೊಯ್ದು ತೆಗೆಯಲು ಸಾಧ್ಯವಾದರೆ ಉಳಿವು, ಇಲ್ಲದಿದ್ದರೆ ಇಲ್ಲ. ಹುಳುವಿನ ಮರಿರೂಪವನ್ನು ಹದ್ದುಬಸ್ತಿನಲ್ಲಿಡುವ ಮೆಬೆಂಡಜೋಲ್ ಬಂದದ್ದು 1970ರ ದಶಕದಲ್ಲಿ, ಅದರ ಹಿಂದೆಯೇ ಆಲ್ಬೆಂಡಜೋಲ್. ಹೌದು, ಶಾಲೆಗಳಲ್ಲಿ ಮಕ್ಕಳಿಗೆ ಜಂತುಹುಳುವಿಗೆಂದು ಚೀಪಲು ಕೊಡುವ ಅದೇ ಮಾತ್ರೆ. ಶಾಲೆಯಲ್ಲಿ ಒಂದು ಮಾತ್ರೆಗೆ ಕೆಲಸ ಮುಗಿಯುತ್ತದೆ. ಗಡ್ಡೆ ಕೊಯ್ಯಲಾಗದ ಈ ರೋಗಿ ವರ್ಷಾನುಗಟ್ಟಲೆ, ಎಷ್ಟೋ ಸಲ ಜೀವಮಾನವಿಡೀ ನುಂಗಬೇಕು.

ಇಲ್ಲಿಗೇ ಮುಗಿದಿದ್ದರೆ ಇದೊಂದು ಗೆಲುವಿನ ಕತೆ. ಐಸ್‌ಲ್ಯಾಂಡಿನದು ಹಾಗೆ ಮುಗಿಯಿತು. ಅಲ್ಲಿ ದಾಯಾದಿ ಹುಳುವಿನದು ನಾಯಿ ಮತ್ತು ಕುರಿಗಳ ನಡುವಿನ ಓಡಾಟ. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ 1863ರಲ್ಲಿ ಅಲ್ಲಿಗೆ ಹೋಗಿ ನೂರು ನಾಯಿಗಳನ್ನು ಕೊಯ್ದು ನೋಡಿದಾಗ 28ರಲ್ಲಿ ಹುಳು ಸಿಕ್ಕಿತು. ಮರುವರ್ಷ ಅವನು ಬರೆದ ಪುಟ್ಟ ಪುಸ್ತಿಕೆಯನ್ನು ಮನೆಮನೆಗೆ ಹಂಚಲಾಯಿತು. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಓದುವುದೇ ಹವ್ಯಾಸವಾಗಿದ್ದ ಜನ ಅದನ್ನು ಓದಿದರು. ಕುರಿಯ ರೋಗಪೀಡಿತ ಅಂಗಗಳನ್ನು ನಾಯಿಗೆ ಹಾಕದೆ ಹೂಳುವ, ಸುಡುವ ಪದ್ಧತಿ ಬಂತು, ನಾಯಿಗಳ ಮೇಲೆ ಕಾನೂನು ಬಂತು, ಮುಂದಿನ ಶತಮಾನದಲ್ಲಿ ರೋಗ ಅಳಿಯಿತು. ಭಾರತದಲ್ಲೂ ಇರುವುದು ಮುಖ್ಯವಾಗಿ ಈ ದಾಯಾದಿಯೇ. ಕಸಾಯಿಖಾನೆಯ ಹಿಂದೆ ಎಸೆದ ಗುಳ್ಳೆ ತುಂಬಿದ ಶ್ವಾಸಕೋಶ, ಯಕೃತ್ತುಗಳಿಗಾಗಿ ಬೀದಿನಾಯಿಗಳು ಕಚ್ಚಾಡುವುದನ್ನು ನಾವೆಲ್ಲ ನೋಡಿಯೇ ಇದ್ದೇವೆ, ಅದರ ಅರ್ಥ ತಿಳಿಯದೆ. ಅದೇನೇ ಇರಲಿ, ನಾಯಿಗೆ ಯಜಮಾನನಿದ್ದಾನೆ, ಇಲ್ಲದಿದ್ದರೆ ಒಂದು ನಗರಸಭೆಯಾದರೂ ಇದೆ. ಪುಸ್ತಿಕೆ ಬರೆದು ಒಪ್ಪಿಸಬಹುದು. ನರಿಗೆ ಯಾರು ಪುಸ್ತಿಕೆ ಹಂಚುವುದು?

1965ರ ಸುಮಾರಿಗೆ ಹೊಕ್ಕೈಡೊದ ಇನ್ನೊಂದು ಮೂಲೆಯಲ್ಲಿ, ಪೂರ್ವದ ನೆಮುರೊದಲ್ಲಿ, ಒಂದು ಮಗುವಿನಲ್ಲಿ ಅದೇ ರೋಗ ಕಾಣಿಸಿಕೊಂಡಿತು. ಅಲ್ಲಿನ ನರಿಗಳನ್ನು ಪರೀಕ್ಷಿಸಿದಾಗ ಹುಳು ಸಿಕ್ಕಿತು. ನೆಮುರೊದ ಕಡಲಾಚೆಗೆ ಕಾಣುವುದು ಅದೇ ಕುರಿಲ್ ದ್ವೀಪಗಳು. ಚಳಿಗಾಲದಲ್ಲಿ ಸಮುದ್ರದ ಮೇಲೆ ತೇಲಿ ಬರುವ ಹಿಮಗಡ್ಡೆಗಳನ್ನು ದಾಟಿಕೊಂಡು ನರಿಗಳೇ ಬಂದವೆಂದು ಕೆಲವರು, 1945ರಲ್ಲಿ ಆ ದ್ವೀಪಗಳು ಸೋವಿಯತ್ ವಶವಾದಾಗ ಊರುಬಿಟ್ಟು ಬಂದವರ ನಾಯಿಗಳ ಜೊತೆ ಬಂತೆಂದು ಇನ್ನು ಕೆಲವರು ಹೇಳುತ್ತಾರೆ. ಹೇಗೆ ಬಂದರೂ ಈ ಸಲ ಅದು ಬಂದದ್ದು 80 ಚದರ ಕಿಲೋಮೀಟರಿಗಲ್ಲ. ಹೊಕ್ಕೈಡೊ ನಮ್ಮ ಕರ್ನಾಟಕದ ಅರ್ಧ ಪಾಲಿಗೆ ತುಸು ಕಡಿಮೆ ಇರುವ ಕಾಡು ಬೆಟ್ಟಗಳ ನಾಡು. ಅಲ್ಲಿ ಎಲ್ಲ ನರಿಗಳನ್ನು ಕೊಲ್ಲುವ ಮಾತೇ ಇಲ್ಲ. ಮೂರು ದಶಕಗಳಲ್ಲಿ ಹುಳು ಪೂರ್ವದಿಂದ ಪಶ್ಚಿಮದವರೆಗೆ ಹಬ್ಬಿತು. ಈಗ ಅಲ್ಲಿನ ಹತ್ತು ನರಿಗಳಲ್ಲಿ ಮೂರು ನಾಲ್ಕರ ಹೊಟ್ಟೆಯಲ್ಲಿ ಇದು ಸಿಗುತ್ತದೆ. ವರ್ಷಕ್ಕೆ ಇಪ್ಪತ್ತರ ಆಸುಪಾಸು ಹೊಸ ರೋಗಿಗಳು.

ಇದೇ ಅವಧಿಯಲ್ಲಿ ಜಪಾನಿನ ಜನ ಆ ನರಿಯನ್ನು ಮುದ್ದಿಸತೊಡಗಿದ್ದು ವಿಪರ್ಯಾಸ. 1978ರಲ್ಲಿ ಕುರಾಹರಾ ಕೊರೆಯೋಶಿ ನಿರ್ದೇಶಿಸಿದ, ಹೊಕ್ಕೈಡೊದ ನರಿ ಕುಟುಂಬವೊಂದರ ಕತೆಯ ಚಿತ್ರ ದೇಶದಲ್ಲೆಲ್ಲ ಭರ್ಜರಿಯಾಗಿ ಓಡಿತು. ಬೇರೆ ಊರುಗಳಿಂದ ಬಂದವರು ಕಾರು ನಿಲ್ಲಿಸಿ ರಸ್ತೆಬದಿಯ ನರಿಗೆ ತಿಂಡಿ ಹಾಕುವುದು, ಫೋಟೋ ತೆಗೆಯುವುದು ಸಾಮಾನ್ಯವಾಯಿತು. ನಮ್ಮ ಘಾಟಿ ರಸ್ತೆಗಳಲ್ಲಿ ಕಾರಿನ ಕಿಟಕಿಗೆ ಕೈಚಾಚುವ ಮಂಗಗಳಂತೆ ಅಲ್ಲಿ ಬೇಡುವ ನರಿಗಳು ಹುಟ್ಟಿಕೊಂಡವು.

ಯುರೋಪಿನದು ಇದಕ್ಕಿಂತ ವಿಚಿತ್ರ. 1978ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ರೋನ್ ಕಣಿವೆಯಲ್ಲಿ ಕೋಳಿತಲೆಗಳೊಳಗೆ ಲಸಿಕೆ ಇಟ್ಟು ಕಾಡಿಗೆ ಎಸೆದು ನರಿಗಳ ಹುಚ್ಚುರೋಗವನ್ನು ತಡೆಯುವ ಕೆಲಸ ಶುರುವಾಯಿತು. ಅದು ಅದ್ಭುತವಾಗಿ ಫಲಿಸಿತು. ರೇಬಿಸ್ ಹೋಯಿತು, ರೇಬಿಸ್‌ನಿಂದ ಸಾಯದ ನರಿಗಳ ಸಂಖ್ಯೆ ಏರಿತು, ನರಿಗಳು ಜ್ಯೂರಿಚ್‌ನಂಥ ನಗರಗಳ ಉದ್ಯಾನಗಳಿಗೇ ಬಿಡಾರ ಬದಲಿಸಿದವು. ಅವುಗಳ ಜೊತೆಗೆ ನಮ್ಮ ಹುಳುವೂ ಬಂತು. ಕೆಲ ವರ್ಷಗಳ ನಂತರ ಆ ದೇಶದಲ್ಲಿ ಮನುಷ್ಯರ ಯಕೃತ್ತಿನ ಈ ರೋಗ ಹಿಂದಿಗಿಂತ ದುಪ್ಪಟ್ಟಾಯಿತು. ಸಂಖ್ಯೆ ಈಗಲೂ ಚಿಕ್ಕದೇ. ರೇಬಿಸ್ ಲಸಿಕೆ ಎಸೆದವರು ತಪ್ಪು ಮಾಡಿದರೆಂದು ಯಾರೂ ಹೇಳಲಾರರು, ನಾನಂತೂ ಹೇಳಲಾರೆ. ಈಗ ಅದೇ ಉಪಾಯವನ್ನು ಹುಳುವಿನ ಮೇಲೂ ಬಳಸುತ್ತಾರೆ. ಪ್ರಾಜಿಕ್ವಾಂಟೆಲ್ ಎಂಬ ಔಷಧ ಅಡಗಿಸಿದ ತಿಂಡಿಯನ್ನು ನರಿಗಳ ದಾರಿಯಲ್ಲಿ ಚೆಲ್ಲುತ್ತಾರೆ. ಚೆಲ್ಲುತ್ತಿರುವಷ್ಟು ಕಾಲ ಹುಳು ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಏರುತ್ತದೆ. ಹೊಕ್ಕೈಡೊದಲ್ಲೂ ಹೀಗೆ ನರಿತಿಂಡಿ ಚೆಲ್ಲಿ ನೋಡಿದ್ದಾರೆ.

ರೋಗದ ನಿಜವಾದ ಭಾರ ಬಿದ್ದಿರುವುದು ಮಾತ್ರ ಕ್ಯಾಮೆರಾ ಹೋಗದ ಕಡೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 18 ಸಾವಿರ ಮಂದಿಗೆ ಈ ರೋಗ ಹೊಸದಾಗಿ ತಗಲುತ್ತದೆಂದು 2010ರಲ್ಲಿ ಪ್ರಕಟವಾದ ಒಂದು ಅಂದಾಜು. ಅದರಲ್ಲಿ ನೂರಕ್ಕೆ 91 ಚೀನಾದಲ್ಲಿ, ಅದೂ ಪಶ್ಚಿಮದ ಎತ್ತರದ ಹುಲ್ಲುಗಾವಲುಗಳಲ್ಲಿ ಪಶು ಸಾಕುವವರಲ್ಲಿ. ಗಾನ್ಸು ಪ್ರಾಂತ್ಯದ ಜಾಂಗ್ ಕೌಂಟಿಯ ಹಳ್ಳಿಗಳಲ್ಲಿ 1990ರ ದಶಕದ ಮೊದಲಲ್ಲಿ ಸ್ಕ್ಯಾನ್ ಮಾಡಿದಾಗ ನೂರಕ್ಕೆ ಸುಮಾರು ಐದು ಜನರ ಯಕೃತ್ತಿನಲ್ಲಿ ಗಡ್ಡೆ ಸಿಕ್ಕಿತು. ಕಾಡು ಕಡಿದ ಮೇಲೆ ಬೆಳೆದ ಹುಲ್ಲು ಪೊದೆಗಳಲ್ಲಿ ಇಲಿಗಳು ಹೆಚ್ಚಿದ್ದು, ಇಲಿ ತಿನ್ನುವ ನಾಯಿಗಳು ಮನೆಯಲ್ಲಿದ್ದದ್ದು ಕಾರಣ. ಮತ್ತೆ ಅದೇ ಗಣಿತ: ಇಲಿ, ಅದನ್ನು ತಿನ್ನುವ ಒಂದು ಪ್ರಾಣಿ, ಹತ್ತಿರದಲ್ಲೊಂದು ಮನೆ.

ರೆಬುನ್ನಿನಲ್ಲಿ ಇಂದು ಎರಡೂವರೆ ಸಾವಿರದಷ್ಟೂ ಜನರಿಲ್ಲ. ಹೆರಿಂಗ್ ಮೀನು 1950ರ ದಶಕದಲ್ಲೇ ಕೈಕೊಟ್ಟಿತು, ಯುವಕರು ದೊಡ್ಡ ಊರು ಸೇರಿದರು. ಬೇಸಿಗೆಯಲ್ಲಿ ಹೂ ನೋಡಲು ದೋಣಿಗಳು ತುಂಬಿ ಬರುತ್ತವೆ. ಹೊಕ್ಕೈಡೊದ ಉಳಿದೆಡೆ ಹಳ್ಳದ ನೀರನ್ನು ಹಸಿಯಾಗಿ ಕುಡಿಯಬೇಡಿ, ನರಿಗೆ ತಿಂಡಿ ಹಾಕಬೇಡಿ ಎಂದು ಎಚ್ಚರಿಸುತ್ತಾರೆ. ಹೊಕ್ಕೈಡೊಗೂ ಜಪಾನಿನ ಮುಖ್ಯ ದ್ವೀಪ ಹೊನ್ಶುವಿಗೂ ನಡುವೆ ತ್ಸುಗಾರು ಜಲಸಂಧಿ ಇದೆ, ನರಿಗಳು ಅದನ್ನು ಈಜಲಾರವು ಎಂಬ ಧೈರ್ಯ ಬಹುಕಾಲ ಇತ್ತು. 2014ರಲ್ಲಿ, ಆ ಜಲಸಂಧಿಯಿಂದ ನೂರಾರು ಕಿಲೋಮೀಟರ್ ದಕ್ಷಿಣಕ್ಕೆ, ಹೊನ್ಶುವಿನ ಐಚಿ ಪ್ರಾಂತ್ಯದ ಚಿತಾ ಪರ್ಯಾಯದ್ವೀಪದಲ್ಲಿ ಹಿಡಿದ ಬೀದಿನಾಯಿಯೊಂದರಲ್ಲಿ ಈ ಹುಳು ಪತ್ತೆಯಾಯಿತು. ಕೆಲ ವರ್ಷಗಳ ನಂತರ ಅದೇ ಸೀಮೆಯ ಇನ್ನೂ ಕೆಲವು ನಾಯಿಗಳಲ್ಲಿ ಸಿಕ್ಕಿತು.